ಗಣೇಶ ಬಿಡೋ ದಿನ ಹುಡುಗ್ರು ಕುಡಿದು ಬಡಿದಾಡೋದನ್ನ ಹೆಂಗೆ ತಪ್ಸೋದು? ಅನುಭವ ಇರೋರು ದಯವಿಟ್ಟು ಹೇಳಿ

ಕೆರೆಏರಿ ಹುಡುಗ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ.

ನಮ್ದು ಮಂಡ್ಯ ಕಡೆ ಒಂದು ಹಳ್ಳಿ, ಇನ್ನೂರೈವತ್ತು ಮನೆ ಇರ್ಬೋದು. ಊರಲ್ಲಿ ಯುವಕರ ಸಂಘ ಐತೆ, ವರ್ಷಾ ವರ್ಷ ಗಣೇಶ ಕೂರಿಸ್ತೀವಿ, ಐದನೇ ದಿನ ಕೆರೆಗೆ ಬಿಡ್ತೀವಿ. ನಂಗೀಗ 27, ಸಂಘದ ದುಡ್ಡಿನ ಲೆಕ್ಕ ನೋಡ್ಕೊಳ್ಳೋನು ನಾನೇ.

ಹೋದ್ ವರ್ಷ ಬಿಡೋ ದಿನ ಸಾಯಂಕಾಲ ನಾಲ್ಕಕ್ಕೆ ಮೆರವಣಿಗೆ ಹೊರಡ್ಬೇಕಿತ್ತು. ಡಿಜೆ ಗಾಡಿ ಬರ್ಲಿಲ್ಲ, ಈಗ ಬತ್ತೀನಿ ಆಗ ಬತ್ತೀನಿ ಅಂತ ಒಂಬತ್ತು ಗಂಟೆ ಮಾಡ್ದ. ಹುಡುಗ್ರು ಏನ್ ಮಾಡ್ತಾರೆ, ಮೂರು ಗಂಟೆಯಿಂದ್ಲೇ ಕೆರೆ ಪಕ್ಕ ಮೋಟರ್ ಮನೆ ಹತ್ರ ಕೂತಿದ್ರು, ಮಧ್ಯಾಹ್ನ ಊಟ ಮಾಡಿರ್ಲಿಲ್ಲ, ನೆಂಚ್ಕೊಳ್ಳೋಕೆ ಅಂತ ಒಂದಿಷ್ಟು ಖಾರ ಮಿಕ್ಸ್ಚರು ಬಿಟ್ರೆ ಹೊಟ್ಟೇಲಿ ಏನೂ ಇಲ್ಲ. ಹನ್ನೊಂದು ಗಂಟೆಗೆ ಏರಿ ಮೇಲೆ ಕುಣೀತಾ ಇರೋವಾಗ ಒಬ್ಬನ ಕಾಲು ಇನ್ನೊಬ್ಬ ತುಳ್ದ. ಅಷ್ಟೇ. ತುಳಿದಿದ್ದಕ್ಕೆ ಜಗಳ ಆಗ್ಲಿಲ್ಲ, ಆಮೇಲೆ ‘ಏನೋ ಗುರಾಯಿಸ್ತೀಯ’ ಅಂದಿದ್ದಕ್ಕೆ ಆಯ್ತು. ಕೈಲಿದ್ದ ಬೀರ್ ಬಾಟ್ಲು ನೇರ ಮುಖಕ್ಕೆ. ಎಡಗಡೆ ಹುಬ್ಬು ಸೀಳ್ಕೊಂಡು 11 ಹೊಲಿಗೆ ಬಿತ್ತು, ಕಣ್ಣು ಉಳೀತು ಅನ್ನೋದೊಂದೇ ಸಮಾಧಾನ.

ಹೊಡೆದೋನು, ಹೊಡೆಸ್ಕೊಂಡೋನು ಇಬ್ರೂ ಒಂದನೇ ಕ್ಲಾಸಿಂದ ಒಂದೇ ಬೆಂಚು. ಹೊಡೆದೋನಿಗೆ 20 ವರ್ಷ, ಪೊಲೀಸ್ ಕಾನ್‌ಸ್ಟೇಬಲ್ ಆಗ್ಬೇಕು ಅಂತ ಎರಡು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಇದೇ ಏರಿ ಮೇಲೆ ಓಡ್ತಿದ್ದ. ಈಗ ಅವನ ಮೇಲೇ ಕೇಸು. ಓಡೋದು ಬಿಟ್ಟವ್ನೆ. ಎರಡೂ ಮನೆಯೋರು ಒಂದು ವರ್ಷದಿಂದ ಮಾತಾಡ್ತಿಲ್ಲ, ಒಂದೇ ಬೀದಿ, ಒಂದೇ ಡೈರಿಗೆ ಹಾಲು ಹಾಕೋರು, ಕ್ಯೂನಲ್ಲಿ ಹಿಂದೆ ಮುಂದೆ ನಿಂತ್ರೂ ಮುಖ ತಿರುಗಿಸ್ಕೋತಾರೆ. ಸಂಘದಿಂದ ಎಲ್ರಿಗೂ ಒಂದೇ ತರ ಹಳದಿ ಟೀ ಶರ್ಟ್ ಹೊಲ್ಸಿದ್ವಿ, ರಕ್ತ ಆಗಿದ್ದ ಅದೇ ಟೀ ಶರ್ಟನ್ನ ಪೊಲೀಸ್ನೋರು ಪೇಪರಲ್ಲಿ ಸುತ್ಕೊಂಡು ತಗೊಂಡೋಗಿದ್ದು ನಂಗಿನ್ನೂ ಕಣ್ಣು ಮುಂದೆ ಐತೆ.

ಇನ್ನೊಂದು ವಿಷಯ ಇಲ್ಲಿ ಹೇಳ್ದೆ ಇದ್ರೆ ತಪ್ಪಾಗುತ್ತೆ. ಆ ಎಣ್ಣೆ ಬಂದಿದ್ದು ಚಂದಾ ದುಡ್ಡಲ್ಲಿ. ಲೆಕ್ಕದ ಪುಸ್ತಕದಲ್ಲಿ ‘ಇತರೆ ಖರ್ಚು 8,500’ ಅಂತ ಬರೆದಿದ್ದು ನಾನೇ. ಪ್ರತಿ ವರ್ಷ ಹಂಗೇ ಬರೀತಿದ್ರು, ನಾನೂ ಬರೆದೆ. ಅಲ್ಲಿ ಕೂತು ಕುಡಿದೋರಲ್ಲಿ 16, 17 ವರ್ಷದ ಹುಡುಗ್ರೂ ಇದ್ರು.

ಈಗ ಪ್ರಶ್ನೆ. ಈ ವರ್ಷ ಗಣೇಶ ಕೂರ್ಸೋದೇ ಬೇಡ ಅಂತ ಹಿರೀಕರು ಅಂತವ್ರೆ. ನಂಗೆ ಅದು ಸರಿ ಅನ್ಸಲ್ಲ. ಕುಡೀಬ್ಯಾಡ್ರೋ ಅಂತ ಭಾಷಣ ಮಾಡಿದ್ರೆ ಯಾರೂ ಕೇಳಲ್ಲ. ದೊಡ್ಡೋರು ಕುಡಿಯೋರು ಕುಡೀತಾರೆ, ಆದ್ರೆ ಮಿತಿ ಮೀರ್ದಂಗೆ, ಹೊಡೆದಾಟ ಆಗ್ದಂಗೆ, ಚಿಕ್ ಹುಡುಗ್ರು ಅದಕ್ಕೆ ಬೀಳ್ದಂಗೆ ನೋಡ್ಕೊಳ್ಳೋಕೆ ನಿಜವಾಗಿ ಏನು ಕೆಲ್ಸ ಮಾಡುತ್ತೆ? ನಿಮ್ಮೂರಲ್ಲಿ ಯಾರಾದ್ರೂ ಮಾಡಿದೀರಾ?

---

ಮಲ್ಲೇಶಿ 88

ಇಷ್ಟೆಲ್ಲ ಯಾಕೆ ಗುರು, ಅವತ್ತೊಂದಿನ ಪೂರ್ತಿ ಬಂದ್ ಮಾಡ್ಸಿ. ಅಂಗಡೀನೇ ಇಲ್ಲ ಅಂದ್ರೆ ಎಲ್ಲಿಂದ ಕುಡೀತಾರೆ? ಡಿಸಿ ಆಫೀಸಿಗೆ ಒಂದು ಅರ್ಜಿ ಹಾಕಿ ಸಾಕು.

---

ಕೆರೆಏರಿ ಹುಡುಗ

ಮಲ್ಲೇಶಣ್ಣ, ಹೋದ್ ವರ್ಷನೂ ವಿಸರ್ಜನೆ ಅಂತ ಅವತ್ತು ತಾಲ್ಲೂಕಲ್ಲಿ ಮದ್ಯದಂಗಡಿ ಬಂದ್ ಮಾಡ್ಸಿದ್ರು. ಬಾಟ್ಲು ಹಿಂದಿನ ದಿನವೇ ಬಂದು ಮೋಟರ್ ಮನೇಲಿ ಹುಲ್ಲಿನ ಕೆಳಗೆ ಇತ್ತು. ಸಾಲ್ದೆ ಬಂದಿದ್ದನ್ನ ಪೆಟ್ಟಿಗೆ ಅಂಗಡೀಲಿ ಡಬಲ್ ರೇಟಿಗೆ ತಂದ್ರು. ಬಂದ್ ಮಾಡ್ಸೋದು ಬೇಡ ಅಂತಲ್ಲ, ಅದೊಂದ್ರಿಂದ ಆಗ್ಲಿಲ್ಲ ಅಂತಷ್ಟೇ.

---

ನೈಟ್ ಡ್ಯೂಟಿ ಸಿಸ್ಟರ್

ತಮ್ಮಾ, ನಾನು ತಾಲ್ಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್, ಹದಿನಾಲ್ಕು ವರ್ಷ ಆಯ್ತು, ಅದ್ರಲ್ಲಿ ಅರ್ಧ ಕ್ಯಾಶುವಾಲ್ಟೀಲೇ ಕಳೆದಿದೀನಿ. ನೀನು ಬರೆದಿದ್ದು ಓದ್ತಾ ಇದ್ರೆ ನಮ್ಮ ಎಂಎಲ್‌ಸಿ ರಿಜಿಸ್ಟರ್, ಅಂದ್ರೆ ಹೊಡೆದಾಟದಂಥ ಪೊಲೀಸ್ ಕೇಸುಗಳನ್ನ ಬರ್ಕೊಳ್ಳೋ ಪುಸ್ತಕ, ಓದಿದಂಗೆ ಆಯ್ತು. ಹಬ್ಬ, ಬೀಗರೂಟ, ಕ್ರಿಕೆಟ್ ಟೂರ್ನಮೆಂಟಿನ ಫೈನಲ್, ಡಿಸೆಂಬರ್ 31, ಈ ದಿನಗಳಲ್ಲಿ ಡ್ರೆಸ್ಸಿಂಗ್ ಟ್ರೇ ಮೊದ್ಲೇ ಎರಡು ಎಕ್ಸ್‌ಟ್ರಾ ರೆಡಿ ಮಾಡಿ ಇಟ್ಕೋತೀವಿ. ಬರೋರು ಜಾಸ್ತಿ ರಾತ್ರಿ ಹತ್ತರಿಂದ ಒಂದರ ಒಳಗೆ. ಮುಖ, ತಲೆ, ಮತ್ತೆ ಕೈ. ಕೈ ಯಾಕೆ ಅಂದ್ರೆ ಮುಖಕ್ಕೆ ಬಂದ ಬಾಟ್ಲು ತಡೆಯೋಕೆ ಹೋಗಿರ್ತಾರೆ. ಬೆರಳಿನ ನರ ಕಟ್ ಆದ್ರೆ ನಾವು ಏನೂ ಮಾಡೋಕಾಗಲ್ಲ, ಮೈಸೂರಿಗೋ ಬೆಂಗಳೂರಿಗೋ ಕಳಿಸ್ತೀವಿ, ಆಮೇಲೂ ಎಷ್ಟೋ ಜನಕ್ಕೆ ಆ ಬೆರಳು ಮೊದಲಿನ ತರ ಮಡಚೋಕೆ ಬರಲ್ಲ.

ಹುಡುಗ್ರಿಗೆ ‘ಮಿತಿ’ ಅಂದ್ರೆ ಏನು ಅಂತಾನೇ ಯಾರೂ ಹೇಳಿಕೊಟ್ಟಿರಲ್ಲ, ಅದಕ್ಕೆ ಲೆಕ್ಕ ಹೇಳ್ತೀನಿ. ಬ್ರಾಂದಿ, ವಿಸ್ಕಿ, ರಮ್ ಯಾವುದಾದ್ರೂ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತೆ. ಇದನ್ನ ‘ಒಂದು’ ಅಂತ ಇಟ್ಕೋ. ಒಂದು ನೈಂಟಿ ಅಂದ್ರೆ ಮೂರು, ಕ್ವಾರ್ಟರ್ ಅಂದ್ರೆ ಆರು. ಬೀರು ತಾನೇ ಅಂತಾರಲ್ಲ, 650 ಎಂಎಲ್ ಸ್ಟ್ರಾಂಗ್ ಬೀರ್ ಒಂದು ಬಾಟ್ಲು ಹೆಚ್ಚುಕಮ್ಮಿ ನಾಲ್ಕು. ನಮ್ಮ ಲಿವರು ಗಂಟೆಗೆ ಹೆಚ್ಚುಕಮ್ಮಿ ಒಂದನ್ನಷ್ಟೇ ಕರಗಿಸುತ್ತೆ. ಹಂಗಾದ್ರೆ ಒಂದು ಕ್ವಾರ್ಟರ್ ಹಾಕಿದೋನ ಮೈಯಿಂದ ಅದು ಹೋಗೋಕೆ ಆರು ಗಂಟೆ ಬೇಕು. ನಿಂಬೆಹಣ್ಣು ಕೊಟ್ರೂ ಅಷ್ಟೇ, ತಲೆ ಮೇಲೆ ನೀರು ಸುರಿದ್ರೂ ಅಷ್ಟೇ, ಬ್ಲ್ಯಾಕ್ ಕಾಫಿ ಕೊಟ್ರೂ ಅಷ್ಟೇ. ನಿಮ್ಮ ಹುಡುಗ್ರು ಮೂರಕ್ಕೆ ಶುರು ಮಾಡಿ ಹನ್ನೊಂದರವರೆಗೆ ಕುಡೀತಾನೇ ಇದ್ರು, ಅಂದ್ರೆ ಇಳಿಯೋಕೆ ಟೈಮೇ ಸಿಕ್ಕಿಲ್ಲ. ಮೇಲೆ ಹೊಟ್ಟೆ ಖಾಲಿ. ಊಟ ಆಗಿದ್ರೆ ಅದು ರಕ್ತಕ್ಕೆ ನಿಧಾನ ಸೇರುತ್ತೆ, ಖಾಲಿ ಹೊಟ್ಟೇಲಿ ಒಂದೇ ಸಲ ತಲೆಗೇರುತ್ತೆ. ಹಂಗಂತ ಇಷ್ಟು ಕುಡಿದ್ರೆ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ, ಆರೋಗ್ಯಕ್ಕೆ ಸೇಫ್ ಅನ್ನೋ ಪ್ರಮಾಣ ಯಾವುದೂ ಇಲ್ಲ ಅಂತ 2023ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಟ್ರೈನಿಂಗಲ್ಲಿ ಒಬ್ರು ಡಾಕ್ಟರ್ ಹೇಳಿದ್ದು ನೆನಪಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಕಾರ್ಡಿಫ್ ಅಂತ ಊರು, ಅಲ್ಲಿ ಜೊನಾಥನ್ ಶೆಫರ್ಡ್ ಅಂತ ಮುಖದ ಸರ್ಜನ್, ದಿನಾ ಒಡೆದ ಮುಖಗಳಿಗೆ ಹೊಲಿಗೆ ಹಾಕಿ ಹಾಕಿ ನೋಡ್ತಾರೆ, ಇದ್ರಲ್ಲಿ ತುಂಬಾ ಕೇಸು ಪೊಲೀಸರಿಗೆ ಗೊತ್ತೇ ಆಗ್ತಿಲ್ಲ. ಅದಕ್ಕೆ ಏನ್ ಮಾಡಿದ್ರು, ಬಂದೋರ ಹತ್ರ ಹೆಸರಿನ ಗೋಜಿಲ್ಲದೆ ಮೂರೇ ವಿಷಯ ಬರ್ಕೊಂಡ್ರು. ಎಲ್ಲಿ ಆಯ್ತು, ಎಷ್ಟು ಹೊತ್ತಿಗೆ, ಯಾವುದ್ರಿಂದ ಹೊಡೆದ್ರು. ಅದನ್ನ ಪೊಲೀಸರಿಗೂ ನಗರಸಭೆಗೂ ಕೊಟ್ರು, ಆ ಜಾಗ ಆ ಟೈಮಿಗೆ ಜನ ಹಾಕಿದ್ರು, ಒಡೆಯೋ ಗ್ಲಾಸು ತೆಗೆಸಿದ್ರು. ಅಂಥದೇ ಬೇರೆ ಊರುಗಳಿಗೆ ಹೋಲಿಸಿದ್ರೆ ಹಲ್ಲೆಯಾಗಿ ಅಡ್ಮಿಟ್ ಆಗೋರು 42% ಕಮ್ಮಿ ಆದ್ರು. ನಿನಗೆ ಆ ಮೂರೂ ಉತ್ತರ ಈಗ್ಲೇ ಗೊತ್ತಿದೆಯಲ್ಲ ತಮ್ಮಾ. ಕೆರೆ ಏರಿ, ಹನ್ನೊಂದು ಗಂಟೆ, ಬಾಟ್ಲು. ಮೊದ್ಲು ಅಲ್ಲಿಂದ ಶುರು ಮಾಡು.

ಇನ್ನೊಂದು, ಇದು ಎಲ್ರೂ ಓದಿ. ತಲೆಗೆ ಪೆಟ್ಟು ಬಿದ್ದು ಕುಡಿದೂ ಇರೋನನ್ನ ‘ಎಣ್ಣೆ ಜಾಸ್ತಿ ಆಗಿದೆ, ಮಲಗ್ಲಿ ಬಿಡು’ ಅಂತ ಬಿಡ್ಬೇಡಿ. ಬೆಳಿಗ್ಗೆ ಎಬ್ಬಿಸೋಕೆ ಹೋದಾಗ ಎದ್ದಿಲ್ಲ ಅಂತ ಕರ್ಕೊಂಡು ಬಂದ ಹುಡುಗನ್ನ ನಾನು ನೋಡಿದೀನಿ, ಅವನಮ್ಮ ಅವನ ಚಪ್ಪಲಿ ಕೈಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. ಎಬ್ಬಿಸಿದ್ರೆ ಏಳ್ತಿಲ್ಲ, ಮೇಲಿಂದ ಮೇಲೆ ವಾಂತಿ, ಒಂದು ಕಣ್ಣಿನ ಪಾಪೆ ದೊಡ್ಡದು ಒಂದು ಚಿಕ್ಕದು, ಮಾತು ತೊದಲೋದು ಜಾಸ್ತಿ ಆಗ್ತಾ ಇದೆ ಅಂದ್ರೆ ತಕ್ಷಣ 108. ಬರೀ ಕುಡಿದು ಮಲಗಿದೋನನ್ನೂ ಅಂಗಾತ ಮಲಗಿಸ್ಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಶ್ವಾಸಕ್ಕೆ ಹೋದ್ರೆ ಜೀವ ಹೋಗುತ್ತೆ. ಜೊತೆಗೆ ಒಬ್ರು ಎಚ್ಚರ ಇರಿ.

---

ಕರಿಕೋಟು

ವಕೀಲಿ ಮಾಡೋನು ಅಂತ ಎರಡು ಮಾತು. ಸಂಘದ ದುಡ್ಡಲ್ಲಿ 16, 17ರ ಹುಡುಗ್ರಿಗೆ ಕುಡಿಸಿದ್ದು ಅಂದ್ರಲ್ಲ, ಅದು ಬರೀ ತಪ್ಪಲ್ಲ, ಬಾಲನ್ಯಾಯ ಕಾಯ್ದೆ 2015ರ 77ನೇ ಸೆಕ್ಷನ್ ಪ್ರಕಾರ 18 ಆಗದೋರಿಗೆ ಮದ್ಯ ಕೊಟ್ರೆ, ಕೊಡಿಸಿದ್ರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಮ್ಮ ರಾಜ್ಯದ ಲೈಸೆನ್ಸ್ ನಿಯಮದಲ್ಲಿ ಅಂಗಡಿಯೋರು 21 ಆಗದೋರಿಗೆ ಮಾರೋ ಹಾಗಿಲ್ಲ. 2023ರ ಜನವರೀಲಿ ಅದನ್ನ 18ಕ್ಕೆ ಇಳಿಸೋ ಕರಡು ತಂದ್ರು, ಜನ ವಿರೋಧ ಮಾಡಿದ್ಮೇಲೆ ವಾಪಸ್ ತಗೊಂಡ್ರು. ಇದನ್ನ ಸಂಘದ ಮೀಟಿಂಗಲ್ಲಿ ಹೇಳಿ, ತಂದುಕೊಡೋ ಅಣ್ಣಂದಿರಿಗೆ ಇದು ಗೊತ್ತಿರಲ್ಲ.

ಇನ್ನೊಂದು, ಸ್ಟೇಷನ್ನಿಗೆ ಬರೋ ಮನೆಯೋರು ಎಲ್ರೂ ಹೇಳೋದು ಒಂದೇ, ‘ಸಾರ್ ಕುಡಿದ ಅಮಲಲ್ಲಿ ಮಾಡ್ಬಿಟ್ಟ’. ತಾನಾಗೇ ಕುಡಿದಿದ್ರೆ ಅದು ಕಾನೂನಲ್ಲಿ ನೆಪ ಆಗಲ್ಲ, ಹಳೇ ಐಪಿಸೀಲೂ ಆಗ್ತಿರ್ಲಿಲ್ಲ, 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೇಲೂ ಆಗಲ್ಲ. ಬಾಟ್ಲಲ್ಲಿ ಹೊಡೆದ್ರೆ ಅದು ಬರೀ ಕೈಕೈ ಮಿಲಾಯಿಸಿದ ಕೇಸಲ್ಲ, ಅಪಾಯಕಾರಿ ಆಯುಧದ ಸೆಕ್ಷನ್ ಬೀಳುತ್ತೆ, 118. ನಿಮ್ಮ ಆ ಹುಡುಗನ ಕೆಲಸದ ವಿಷಯ ಇಲ್ಲಿ ಬರೆಯೋದು ಕಷ್ಟ, ಕೇಸಿನ ಪೇಪರ್ ಒಳ್ಳೆ ವಕೀಲರಿಗೆ ತೋರಿಸಿ. ಅರ್ಜೀಲಿ ಕೇಸು ಇಲ್ಲ ಅಂತ ಮಾತ್ರ ಸುಳ್ಳು ಬರೀಬೇಡಿ ಅನ್ನಿ, ಮುಚ್ಚಿಟ್ರೆ ಅದೇ ಇನ್ನೊಂದು ತೊಂದ್ರೆ ಆಗುತ್ತೆ.

---

ತುಂಗಭದ್ರಿ

ಅಣ್ಣಾ ನಮಸ್ಕಾರ್ರೀ, ನಾ ರಾಯಚೂರು ಕಡೆಯಾಕಿ. ನೀವು ಬರದದ್ದು ಎಲ್ಲಾ ಬೀದ್ಯಾಗಿನ ಜಗಳದ ಬಗ್ಗೆ ಐತಿ. ಬೀದ್ಯಾಗ ಜಗಳಾ ಮುಗಿಸಿ ಆ ಹುಡುಗ್ರು ಎಲ್ಲಿಗೆ ಹೋಗ್ತಾರ? ಮನಿಗೇ ಹೋಗ್ತಾರಲ್ಲ. ಅಲ್ಲಿ ಅವ್ವ ಇರ್ತಾಳ, ಹೆಂಡ್ತಿ ಇರ್ತಾಳ, ತಂಗಿ ಇರ್ತಾಳ. ಅವರಿಗೆ ಬಿದ್ದ ಪೆಟ್ಟು ದವಾಖಾನಿ ರಿಜಿಸ್ಟರಿನ್ಯಾಗ ಬರಂಗಿಲ್ಲ, ಜಾರಿ ಬಿದ್ನಿ ಅಂತ ಬರಸ್ತಾರ. ನಿಮ್ಮೂರಾಗ ಅವತ್ತು ರಾತ್ರಿ ಎಷ್ಟು ಮನ್ಯಾಗ ಏನಾತು ಅಂತ ಯಾರರೆ ಕೇಳೀರೇನು? ಬೈಯ್ಲಿಕ್ಕೆ ಹೇಳಾಕತ್ತಿಲ್ಲ, ಮೀಟಿಂಗ್ ಮಾಡುವಾಗ ಹೆಣ್ಮಕ್ಕಳನ್ನೂ ಕೂಡ್ರಿಸ್ರಿ ಅಂತ ಹೇಳಾಕತ್ತೀನಿ. ಸ್ತ್ರೀಶಕ್ತಿ ಸಂಘದವರನ್ನ ಕರೀರಿ, ಅವರಿಗೆ ಯಾವ ಅಂಗಡ್ಯಾಗ ಪಾಕೀಟು ಸಿಗತೈತಿ, ಯಾರ ಮನಿ ಹಿತ್ತಲದಾಗ ಇಟ್ಟಾರ, ಎಲ್ಲಾ ಗೊತ್ತಿರತೈತಿ.

2007ರ ಜುಲೈದಾಗ ಸರ್ಕಾರ ಸಾರಾಯಿ ಬಂದ್ ಮಾಡಿದಾಗ ನಾ ಸಣ್ಣಾಕಿ, ನಮ್ಮವ್ವ ಅವತ್ತು ಹೋಳಿಗಿ ಮಾಡಿದ್ಲು. ಮುಂದ ಕೆಲವೇ ದಿನದಾಗ ಅದರ ಜಾಗಕ್ಕ ಬ್ಯಾರೆ ಪಾಕೀಟು ಬಂತು, ಕಿರಾಣಿ ಅಂಗಡ್ಯಾಗ ಸಕ್ಕರಿ ಚಾಪುಡಿ ಜೋಡಿ ಅದೂ. 2019ರ ಜನವರ್ಯಾಗ ಚಿತ್ರದುರ್ಗದಿಂದ ಬೆಂಗಳೂರು ಮಟ ಮದ್ಯ ನಿಷೇಧ ಮಾಡ್ರಿ ಅಂತ ಹೆಣ್ಮಕ್ಕಳು ಸಾವಿರಾರು ಮಂದಿ ನಡಕೋತ ಹೋದ್ರಲ್ಲ, ಅದ್ರಾಗ ನಾನೂ ನಮ್ಮವ್ವನೂ ಇದ್ವಿ. 19ಕ್ಕ ಬಿಟ್ಟು 30ಕ್ಕ ಮುಟ್ಟಿದ್ವಿ. ಕಾಲಾಗ ಬೊಬ್ಬಿ ಎದ್ದು ಚಪ್ಪಲಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ, ನಮ್ಮವ್ವ ಸೀರಿ ಸೆರಗು ಹರದು ಕಟ್ಟಿದ್ಲು. ನಾವು ಕೇಳಿದ್ದು ಸಿಗ್ಲಿಲ್ಲ. ಆದ್ರ ಊರಿಗೆ ಬಂದ ಮ್ಯಾಲೆ ಒಂದು ಬುದ್ಧಿ ಬಂತು, ಸರ್ಕಾರ ಕೊಡೂಮಟ ಕಾಯಬಾರದು ಅಂತ.

ನಮ್ಮೂರಾಗ ಏನ್ ಮಾಡಿದ್ವಿ ಅಂದ್ರ, ಲೈಸನ್ಸ್ ಇಲ್ದ ಮಾರೋ ಅಂಗಡಿ ಯಾವ್ಯಾವು ಅಂತ ಒಂದು ವಹಿಯೊಳಗ ಬರದ್ವಿ, ದಿನಾಂಕ ಹಾಕಿ. ಗ್ರಾಮಸಭಾದಾಗ ಠರಾವು ಬರಸಿದ್ವಿ, ಬಾಯಿ ಮಾತಲ್ಲ, ನಡಾವಳಿ ಪುಸ್ತಕದಾಗ. ಅದರ ನಕಲು ಅಬಕಾರಿ ಇನ್‌ಸ್ಪೆಕ್ಟರ್ ಕಡೆ ಕೊಟ್ಟು, ನಮ್ಮ ಕಾಪಿ ಮ್ಯಾಲೆ ಸಿಕ್ಕಾ ಸಹಿ ಹಾಕಿಸಿಕೊಂಡ್ವಿ. ಒಂದೂವರಿ ತಿಂಗಳು ಸಂಜೀಕ ಆರರಿಂದ ಒಂಬತ್ತರ ಮಟ ಅಂಗಡಿ ಮುಂದ ಪಾಳಿ ಪ್ರಕಾರ ಕುಂತ್ವಿ, ಬೈದಾಡಲಿಲ್ಲ, ಸುಮ್ನ ಹೂವಿನ ಮಾಲಿ ಕಟಗೋತ ಕುಂತ್ವಿ. ಎರಡು ಅಂಗಡಿ ಬಂದಾದ್ವು, ಒಂದು ಪಕ್ಕದ ತಾಂಡಾಕ್ಕ ಹೋತು. ಪೂರಾ ಗೆದ್ವಿ ಅನ್ನಂಗಿಲ್ಲ, ಆದ್ರ ಸಾಲಿ ಹುಡುಗ್ರ ಕೈಗೆ ಹತ್ತು ಹೆಜ್ಜಿಗೆ ಸಿಗೂದು ನಿಂತೈತಿ.

ಹಬ್ಬದ ರಾತ್ರಿ ಯಾವ ಮನ್ಯಾಗರೆ ಹೊಡಿಬಡಿ ಶಬ್ದ ಕೇಳಿದ್ರ ಗಂಡ ಹೆಂಡ್ತಿ ಜಗಳಾ ಅಂತ ಕದಾ ಹಾಕ್ಕೋಬ್ಯಾಡ್ರಿ. 112ಕ್ಕ ಹಚ್ಚ್ರಿ, ಹೆಣ್ಮಕ್ಕಳಿಗೆ 181 ಐತಿ.

---

ಹಾಸನ ಟು ಸಿಡ್ನಿ

ಹಾಯ್. ನಾನು ಹಾಸನದೋನು, ಓದೋಕೆ ಅಂತ ಸಿಡ್ನಿಗೆ ಬಂದಾಗ ಎರಡು ವರ್ಷ ಪಬ್ಬಲ್ಲಿ ಕೆಲಸ ಮಾಡಿದೀನಿ, ಹಂಗಾಗಿ ಇಲ್ಲಿಂದು ಹೇಳ್ತೀನಿ, ನಿಮ್ಮೂರಿಗೆ ಎಷ್ಟು ಒಪ್ಪುತ್ತೋ ನೋಡಿ. ಇಲ್ಲಿ ಬಾರಲ್ಲಿ ಗ್ಲಾಸ್ ತುಂಬೋ ಪ್ರತಿಯೊಬ್ಬನೂ ಒಂದು ಕೋರ್ಸ್ ಮಾಡಿ ಕಾರ್ಡ್ ಇಟ್ಕೊಂಡಿರ್ಬೇಕು. ಅಮಲೇರಿರೋನಿಗೆ ಇನ್ನೊಂದು ಹಾಕಿಕೊಟ್ರೆ ದಂಡ ಬರೀ ಓನರಿಗಲ್ಲ, ಕೊಟ್ಟೋನಿಗೂ ಬೀಳುತ್ತೆ. ಕುಡಿಯೋ ನೀರು ಫ್ರೀ ಕೊಡಲೇಬೇಕು. ಮೊದಮೊದಲು ನಂಗೆ ಕಷ್ಟ ಆಗ್ತಿತ್ತು, ನನ್ನ ಎರಡರಷ್ಟು ದಪ್ಪ ಇರೋನಿಗೆ ‘ನಿಂಗಿವತ್ತು ಸಾಕು’ ಅಂತ ಹೆಂಗೆ ಹೇಳೋದು? ನಮ್ಮ ಮ್ಯಾನೇಜರ್ ಹೇಳಿಕೊಟ್ಟಿದ್ದು ಏನಂದ್ರೆ, ಎಲ್ಲರ ಮುಂದೆ ಹೇಳ್ಬೇಡ, ಅವನ ಫ್ರೆಂಡ್ ಒಬ್ಬನ್ನ ಪಕ್ಕಕ್ಕೆ ಕರೆದು ಹೇಳು, ಒಂದು ದೊಡ್ಡ ಗ್ಲಾಸ್ ನೀರು, ಒಂದು ಪ್ಲೇಟ್ ಆಲೂ ಚಿಪ್ಸ್ ಮುಂದೆ ಇಡು. ಹತ್ತರಲ್ಲಿ ಎಂಟು ಸಲ ಅಷ್ಟಕ್ಕೇ ಮುಗೀತಿತ್ತು.

ಇಲ್ಲಿ ಕಿಂಗ್ಸ್ ಕ್ರಾಸ್ ಅನ್ನೋ ಏರಿಯಾದಲ್ಲಿ 2012ರಲ್ಲಿ ಒಬ್ಬ, 2013ರ ಡಿಸೆಂಬರ್ 31ರ ರಾತ್ರಿ ಹೊಡೆತ ತಿಂದು ಇನ್ನೊಬ್ಬ, ಇಬ್ರೂ 18 ವರ್ಷದ ಹುಡುಗ್ರು, ಒಂದೇ ಒಂದು ಗುದ್ದಿಗೆ ಬಿದ್ದು ತಲೆಗೆ ಪೆಟ್ಟಾಗಿ ತೀರ್ಕೊಂಡ್ರು. ಅದಾದ್ಮೇಲೆ 2014ರ ಫೆಬ್ರವರೀಲಿ ರಾತ್ರಿ ಒಂದೂವರೆ ಮೇಲೆ ಹೊಸಬರನ್ನ ಒಳಗೆ ಬಿಡಂಗಿಲ್ಲ, ಮೂರರ ಮೇಲೆ ಮದ್ಯ ಕೊಡಂಗಿಲ್ಲ ಅಂತ ಮಾಡಿದ್ರು. ಹಲ್ಲೆ ಕೇಸು ಅಲ್ಲಿ ಚೆನ್ನಾಗಿ ಇಳೀತು. ಆದ್ರೆ ಎಷ್ಟೋ ಅಂಗಡಿ ಮುಚ್ಚಿದ್ವು, ಹಾಡೋರು ಬಾರ್ಸೋರಿಗೆ ಕೆಲಸ ಹೋಯ್ತು, ಒಂದಿಷ್ಟು ಗಲಾಟೆ ಪಕ್ಕದ ಏರಿಯಾಗಳಿಗೆ ಶಿಫ್ಟ್ ಆಯ್ತು, ಕೊನೆಗೆ 2020, 2021ರಲ್ಲಿ ತೆಗೆದ್ರು. ಇದಕ್ಕಿಂತ ಮೊದ್ಲೇ 2008ರಲ್ಲಿ ನ್ಯೂಕ್ಯಾಸಲ್ ಅನ್ನೋ ಊರಲ್ಲಿ ಬೆಳಗಿನ ಜಾವ ಐದರವರೆಗೆ ತೆಗೆದಿರ್ತಿದ್ದ ಪಬ್ಬುಗಳನ್ನ ಮೂರು, ಮೂರೂವರೆಗೆ ಮುಚ್ಚಿಸಿದ್ರು, ಅಲ್ಲಿ ಹಲ್ಲೆ ಮೂರನೇ ಒಂದು ಭಾಗ ಕಮ್ಮಿ ಆಯ್ತು. ನಂಗೆ ಇದ್ರಲ್ಲಿ ತಿಳಿದಿದ್ದು, ಎಷ್ಟು ಹೊತ್ತು ಕುಡೀತಾರೆ ಅನ್ನೋದು ದೊಡ್ಡ ವಿಷಯ. ನಿಮ್ಮ ಡಿಜೆಯವನು ಐದು ಗಂಟೆ ಲೇಟ್ ಮಾಡಿದ್ದು ಐದು ಗಂಟೆ ಎಕ್ಸ್‌ಟ್ರಾ ಬಾರ್ ತೆಗೆದಿಟ್ಟ ಹಂಗೆ. ಡಿಜೆನೇ ಬಿಟ್ಬಿಡಿ, ತಮಟೆಯೋರನ್ನ ಕರೀರಿ. ಅವರು ಹೇಳಿದ ಟೈಮಿಗೆ ಬರ್ತಾರೆ, ನಮ್ಮೂರಲ್ಲಿ ನಾನು ನೋಡಿರೋ ಹಂಗೆ.

---

ಒಂದೊಂದೇ ದಿನ

ತಮ್ಮಾ, ನಾನು ಕುಡಿತ ಬಿಟ್ಟು ಆರು ವರ್ಷ ನಾಲ್ಕು ತಿಂಗಳು. ವಯಸ್ಸು 41. ಶುರು ಮಾಡಿದ್ದು 17ರಲ್ಲಿ, ಊರಹಬ್ಬದಲ್ಲಿ, ಸೋದರಮಾವ ಗ್ಲಾಸ್ ಕೈಗಿಟ್ಟು ‘ಗಂಡ್ಸಾಗೋ’ ಅಂದ್ರು. ಅದಕ್ಕೆ ನಿನ್ನ 8,500 ವಿಷಯ ಓದಿ ಎದೆಗೆ ತಟ್ತು.

ಮಿತಿಯಾಗಿ ಕುಡಿಯೋದು ಅಂತ ಇಲ್ಲಿ ಮಾತು ಬಂದಿದೆ. ನಂಗೆ ಆ ಮಾತು ಉಪಯೋಗಕ್ಕೆ ಬರಲಿಲ್ಲ. ನನ್ನ ತರದೋರಿಗೆ ಮಿತಿ ಅಂದ್ರೆ ಸೊನ್ನೆ, ಒಂದು ಪೆಗ್ ಆದ್ಮೇಲೆ ಎರಡನೇದನ್ನ ನಿಲ್ಸೋ ಶಕ್ತಿ ನಮ್ಮ ಕೈಲಿರಲ್ಲ. ನಿಮ್ಮ ಗುಂಪಲ್ಲೂ ಅಂಥ ಒಬ್ಬಿಬ್ರು ಇದ್ದೇ ಇರ್ತಾರೆ, ಬೆಳಿಗ್ಗೆ ಕೈ ನಡುಗ್ತಾ ಇರುತ್ತೆ. 2019ರ ಏಮ್ಸ್ ಸರ್ವೇಲಿ ದೇಶದಲ್ಲಿ ಕುಡಿಯೋರು ಸುಮಾರು 16 ಕೋಟಿ, ಅದ್ರಲ್ಲಿ ಐದೂವರೆ ಕೋಟಿಗೂ ಹೆಚ್ಚು ಜನಕ್ಕೆ ಸಹಾಯ ಬೇಕು ಅಂತ ಇತ್ತು. ಅಂಥೋರಿಗೆ ಹಬ್ಬದ ದಿನ ಎಲ್ಲರ ಮುಂದೆ ಬುದ್ಧಿ ಹೇಳ್ಬೇಡಿ, ಬೇರೆ ದಿನ ಒಬ್ಬರೇ ಹೋಗಿ ಮಾತಾಡಿ. ದಿನಾ ಜಾಸ್ತಿ ಕುಡಿಯೋನಿಗೆ ‘ನಾಳೆಯಿಂದ ಒಂದು ಹನಿನೂ ಬೇಡ’ ಅಂತ ಆಣೆನೂ ಮಾಡ್ಸಬೇಡಿ, ದಿಢೀರ್ ನಿಲ್ಸಿದ್ರೆ ಫಿಟ್ಸ್ ಬರ್ಬೋದು, ಇಲ್ಲದ್ದೆಲ್ಲ ಕಾಣಿಸ್ಬೋದು, ಪ್ರಾಣಕ್ಕೂ ಅಪಾಯ. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಬೆಂಗಳೂರಲ್ಲಿ ನಿಮ್ಹಾನ್ಸಿನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಫೋನಲ್ಲಿ ಮಾತಾಡೋಕೆ 14446, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416. ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ರಿಗೊಬ್ರು ಜೊತೆಯಾಗೋರ ಗುಂಪು) ಮೀಟಿಂಗ್ ದುಡ್ಡಿಲ್ದೆ ನಡೆಯುತ್ತೆ, ನಾನು ಉಳಿದಿದ್ದು ಅದ್ರಿಂದ.

ಉಳಿದ ಹುಡುಗ್ರ ವಿಷಯ. ಗುಂಪಲ್ಲಿ ಅರ್ಧ ಜನಕ್ಕೆ ಕುಡಿಯೋ ಮನಸ್ಸೇ ಇರಲ್ಲ, ಬೇಡ ಅನ್ನೋಕೆ ಮುಖ ಬರಲ್ಲ ಅಷ್ಟೇ. ಅಯ್ಯಪ್ಪನ ಮಾಲೆ ಹಾಕ್ದಾಗ ನೋಡಿದೀಯಲ್ಲ, ದಿನಾ ಕುಡಿಯೋನೂ 41 ದಿನ ಮುಟ್ಟಲ್ಲ, ಯಾರೂ ಬಲವಂತ ಮಾಡಲ್ಲ, ‘ಸ್ವಾಮಿ’ ಅಂತ ಕೈ ಮುಗೀತಾರೆ. ಬೇಡ ಅಂದ್ರೆ ಮರ್ಯಾದೆ ಹೋಗಲ್ಲ ಅಂತ ಆದ ದಿನ ಹುಡುಗ ಆರಾಮಾಗಿ ಬೇಡ ಅಂತಾನೆ. ಹಂಗೇ ನೀನೂ ಕೆಲಸ ಹಂಚು. ಟ್ರ್ಯಾಕ್ಟರ್ ಕೀ ಒಬ್ಬನ ಕೈಲಿ, ಜನರೇಟರ್ ಒಬ್ಬ, ನೀರಿಗೆ ಇಳಿಯೋರು ನಾಲ್ಕು ಜನ, ಮಕ್ಕಳನ್ನ ನೋಡ್ಕೊಳ್ಳೋರು ಇಬ್ರು. ‘ನಂಗೆ ಡ್ಯೂಟಿ ಇದೆ ಮಗಾ’ ಅನ್ನೋಕೆ ಒಂದು ದಾರಿ ಆಗುತ್ತೆ.

ಜಗಳ ಏಳೋ ಗಳಿಗೆ ಬಗ್ಗೆ ಹೇಳ್ತೀನಿ, ನಾನು ಎರಡೂ ಕಡೆ ನಿಂತಿದೀನಿ. ‘ಗುರಾಯಿಸ್ತೀಯ’ ಅಂದ ಮೇಲೆ ಕೈ ಎತ್ತೋಕೆ ಮೊದ್ಲು ಸ್ವಲ್ಪ ಹೊತ್ತು ಇರುತ್ತೆ, ಅಷ್ಟರಲ್ಲಿ ಎಲ್ರೂ ಎದುರಾಳಿನ ಹಿಡ್ಕೋತಾರೆ, ಅದು ತಪ್ಪು. ನಿನ್ನ ಕಡೆಯೋನನ್ನ ನೀನು ಎಳ್ಕೊಂಡು ಹೋಗು, ಹೆಗಲ ಮೇಲೆ ಕೈ ಹಾಕಿ, ದೂರ, ನೋಡೋ ಜನ ಇಲ್ದಿರೋ ಕಡೆಗೆ. ‘ಕುಡಿದಿದೀಯ ಸುಮ್ನಿರು’ ಅನ್ನಬೇಡ, ಆ ಮಾತು ಕೇಳಿದ್ರೆ ಮೈ ಉರಿಯುತ್ತೆ. ‘ಬಾ ಇಲ್ಲಿ, ಟ್ರ್ಯಾಕ್ಟರ್ ಹಿಂದೆ ತಳ್ಬೇಕು’ ಅನ್ನು. ಕೆಲಸ ಹೇಳು. ಮೊಬೈಲಲ್ಲಿ ವಿಡಿಯೋ ಮಾಡೋರನ್ನ ಮೊದ್ಲು ಕಳ್ಸು, ಕ್ಯಾಮೆರಾ ಕಂಡ್ರೆ ಹಿಂದೆ ಸರಿಯೋಕೆ ಯಾವನಿಗೂ ಮನಸ್ಸು ಬರಲ್ಲ.

---

ಕೆರೆಏರಿ ಹುಡುಗ

ಎಲ್ರದ್ದೂ ಎರಡೆರಡು ಸಲ ಓದ್ದೆ. ತುಂಬಾ ತುಂಬಾ ಥ್ಯಾಂಕ್ಸ್. ತುಂಗಭದ್ರಿ ಅಕ್ಕಾ, ನೀವು ಕೇಳಿದ್ದು ನಂಗೆ ಹೊಳೆದೇ ಇರ್ಲಿಲ್ಲ, ನಿನ್ನೆ ನಮ್ಮಮ್ಮನ್ನ ಕೇಳ್ದೆ. ಅವತ್ತು ರಾತ್ರಿ ನಮ್ಮ ಬೀದೀಲೇ ಎರಡು ಮನೇಲಿ ಗಲಾಟೆ ಆಗಿತ್ತಂತೆ, ಒಂದು ಮನೆ ಹೆಂಗಸು ಬೆಳಿಗ್ಗೆವರೆಗೂ ನಮ್ಮ ಕೊಟ್ಟಿಗೇಲಿ ಕೂತಿದ್ರಂತೆ. ನಮ್ಮನೆ ಕೊಟ್ಟಿಗೇಲೇ, ನಂಗೇ ಗೊತ್ತಿರ್ಲಿಲ್ಲ. ಸ್ತ್ರೀಶಕ್ತಿ ಸಂಘದೋರನ್ನ ಭಾನುವಾರದ ಮೀಟಿಂಗಿಗೆ ಕರೆದಿದೀನಿ.

ಸದ್ಯಕ್ಕೆ ಇಷ್ಟು ಮಾಡೋಣ ಅಂತ. ಮಧ್ಯಾಹ್ನ ಒಂದಕ್ಕೆ ಇಡೀ ಊರಿಗೆ ಗಣೇಶನ ಮುಂದೆ ಊಟ, ಅನ್ನ ಸಾರು ಪಾಯಸ, ಎಲ್ರೂ ಉಂಡ ಮೇಲೇ ಮೆರವಣಿಗೆ. ಡಿಜೆ ಇಲ್ಲ, ತಮಟೆ ಮತ್ತೆ ಡೊಳ್ಳು. ಮೂರಕ್ಕೆ ಹೊರಟು ಬೆಳಕಿರೋವಾಗ್ಲೇ, ಆರೂವರೆ ಒಳಗೆ ಬಿಟ್ಟು ಬರೋದು. ಮೋಟರ್ ಮನೆ ಬೀಗ ಹಾಕ್ಸೋದು, ಅದ್ರ ಓನರ್ ಒಪ್ಪವ್ರೆ. ದಾರೀಲಿ ಎರಡು ಕಡೆ ಮಜ್ಜಿಗೆ ಪಾನಕ, ಮೆರವಣಿಗೇಲಿ ಯಾವ ಗಾಜಿನ ಬಾಟ್ಲೂ ಇಲ್ಲ. ಚಂದಾ ಲೆಕ್ಕ ಈ ಸಲ ಪೂರ್ತಿ ಚೀಟೀಲಿ ಬರೆದು ದೇವಸ್ಥಾನದ ಗೋಡೆಗೆ ಅಂಟಿಸ್ತೀನಿ, ಇತರೆ ಖರ್ಚು ಅನ್ನೋ ಸಾಲೇ ಇರಲ್ಲ. ಕರಿಕೋಟು ಸರ್ ಹೇಳಿದ 77ನೇ ಸೆಕ್ಷನ್ ಮೀಟಿಂಗಲ್ಲಿ ನಾನೇ ಓದಿ ಹೇಳ್ತೀನಿ. ಕುಡಿಯೋ ಅಣ್ಣಂದಿರು ಇಬ್ರು ಈಗ್ಲೇ ಮುಖ ಗಂಟು ಹಾಕವ್ರೆ, ಅವರು ಬರ್ದೆ ಇದ್ರೂ ಸರಿ ಅಂತ ತೀರ್ಮಾನ ಮಾಡಿದೀನಿ.

ಮೊನ್ನೆ ಬೆಳಿಗ್ಗೆ ಐದಕ್ಕೆ ಎದ್ದು ಆ ಹೊಡೆದ ಹುಡುಗನ ಮನೆ ಮುಂದೆ ಹೋಗಿ ನಿಂತ್ಕೊಂಡೆ, ಬಾ ಓಡೋಣ ಅಂದೆ. ಅವನಮ್ಮ ಬಾಗಿಲು ತೆಗೆದು ನನ್ನೇ ನೋಡಿದ್ರು, ಏನೂ ಮಾತಾಡ್ಲಿಲ್ಲ. ಅವನು ಹೊರಗೆ ಬರೋಕೆ ಇಪ್ಪತ್ತು ನಿಮಿಷ ಆಯ್ತು, ಬಂದ. ಏರಿ ಮೇಲೆ ಅರ್ಧ ದಾರಿ ನಡೆದ್ವಿ, ಓಡ್ಲಿಲ್ಲ. ಹುಬ್ಬಿಗೆ ಹೊಲಿಗೆ ಬಿದ್ದೋನನ್ನ ಟ್ರ್ಯಾಕ್ಟರ್ ಓಡ್ಸು ಅಂತ ಕೇಳಿದೀನಿ, ನೋಡ್ತೀನಿ ಅಂದವ್ನೆ.

ಸಿಸ್ಟರ್, ಒಂದೇ ಪ್ರಶ್ನೆ. ಅವತ್ತು ನಮ್ಮ ಹತ್ರ ಒಂದು ಫಸ್ಟ್ ಏಡ್ ಬ್ಯಾಗ್ ಇರ್ಲಿ ಅಂತ, ಏನೇನ್ ತರ್ಬೇಕು?

---

ನೈಟ್ ಡ್ಯೂಟಿ ಸಿಸ್ಟರ್

ದೊಡ್ಡದಾಗಿ ಬೇಡ ತಮ್ಮಾ. ಗಾಜ್ ಬಟ್ಟೆ, ಅಗಲ ಬ್ಯಾಂಡೇಜ್ ಸುರುಳಿ ನಾಲ್ಕು, ಗ್ಲೌಸ್, ಕತ್ತರಿ, ಕುಡಿಯೋ ನೀರು ಎರಡು ಬಾಟ್ಲು, ಒಆರ್‌ಎಸ್ ಪ್ಯಾಕೆಟ್. ರಕ್ತ ಬಂದ್ರೆ ಅರಿಶಿನ, ಕಾಫಿಪುಡಿ ಏನೂ ತುಂಬಬೇಡಿ, ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡ್ಕೊಂಡೇ ಕರ್ಕೊಂಡು ಬನ್ನಿ. ಗಾಜಿನ ಚೂರು ಚುಚ್ಕೊಂಡಿದ್ರೆ ನೀವು ಕೀಳಬೇಡಿ.

ಇದಕ್ಕಿಂತ ಮುಖ್ಯ ಕೆರೆ. ವಿಸರ್ಜನೆ ದಿನ ನಮಗೆ ಹೊಡೆದಾಟದ ಕೇಸಿನ ಜೊತೆ ಮುಳುಗಿದ ಕೇಸೂ ಬರುತ್ತೆ, ಈಜು ಬರುತ್ತೆ ಅಂತ ಕುಡಿದು ಇಳಿದಿರ್ತಾರೆ. ನೀರಿಗೆ ಇಳಿಯೋ ನಾಲ್ಕು ಜನ ಅವತ್ತು ಬೆಳಿಗ್ಗೆಯಿಂದ ಒಂದು ತೊಟ್ಟೂ ಮುಟ್ಟಿರಬಾರದು. ಒಂದು ಉದ್ದ ಹಗ್ಗ, ಗಾಳಿ ತುಂಬಿದ ಲಾರಿ ಟ್ಯೂಬ್ ಎರಡು ದಡದಲ್ಲಿರ್ಲಿ. ಆರೂವರೆ ಅಂತ ಹೇಳಿದ್ರೂ ಏಳಾಗುತ್ತೆ, ದೊಡ್ಡ ಟಾರ್ಚ್ ಒಂದು ತಗೊಂಡೋಗಿ.